ಗಿರಣಿಯ ಡಬ್ಬದ ಸಾಲೂ ಏರ್‌ಪೋರ್ಟ್ ಟ್ಯಾಕ್ಸಿಯೂ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಸಂಖ್ಯೆಗಳು ನನಗೆ ಮರೆಯುವುದೇ ಇಲ್ಲ ಎಂಬ ಜಂಬ ಇತ್ತು. ಆ ಜಂಬ ಇಳಿದದ್ದು ಹೋದ ವರ್ಷ ಮಳೆಗಾಲದ ಒಂದು ರಾತ್ರಿ, ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಹೊರಗೆ, ಒಂದು ಕಂಬದ ಪಕ್ಕ ಸಾಮಾನಿನ ಗಾಡಿ ಹಿಡಿದು ನಿಂತಿದ್ದಾಗ.

ಹೈದರಾಬಾದಿನಲ್ಲಿರುವ ತಂಗಿಯ ಮನೆಯಿಂದ ಒಬ್ಬಳೇ ಬರುತ್ತಿದ್ದೆ. ಮಳೆಯಿಂದಾಗಿ ವಿಮಾನ ತಡ. ಇಳಿದಾಗ ರಾತ್ರಿ ಹತ್ತಾಗಿತ್ತು. ಮಗ ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದ. ಸೊಸೆ ಮಲ್ಲೇಶ್ವರದ ಮನೆಯಲ್ಲಿ ಜ್ವರ ಬಂದ ಮೊಮ್ಮಗಳ ಪಕ್ಕ ಕೂತಿದ್ದಳು. "ಅಮ್ಮಾ, ನೀನೇನೂ ಮಾಡೋದು ಬೇಡ. ಇಲ್ಲಿಂದಲೇ ನಾನು ಕ್ಯಾಬ್ ಬುಕ್ ಮಾಡ್ತೀನಿ. ಕಾರಿನ ನಂಬರು, ಓಟಿಪಿ ಎರಡೂ ನಿನಗೆ ಕಳಿಸ್ತೀನಿ. ಹೊರಗೆ ಬಂದು ಹತ್ತಿಕೊಂಡರೆ ಆಯ್ತು" ಅಂದಿದ್ದ ಮಗರಾಯ. ಹಾಗೇ ಮಾಡಿದ. ಸಂದೇಶವೂ ಬಂತು. ಓಟಿಪಿ 2187. ನೋಡಿದ ತಕ್ಷಣ ಖುಷಿಯಾಯಿತು. ಮೂರನ್ನು ಏಳು ಸಲ ಗುಣಿಸಿದರೆ 2187 ಬರುತ್ತದೆ, ಮಕ್ಕಳೇ ಬೇಕಾದರೆ ಮಾಡಿ ನೋಡಿ. ಆ ಖುಷಿಯಲ್ಲಿ ಕಾರಿನ ನಂಬರನ್ನು ಸರಿಯಾಗಿ ಓದಲೇ ಇಲ್ಲ. ಅಷ್ಟರಲ್ಲಿ ನನ್ನ ಫೋನು ಕಣ್ಣು ಮುಚ್ಚಿತು. ಚಾರ್ಜು ಖಾಲಿ.

ಈಗ ನನ್ನ ಅವಸ್ಥೆ ಊಹಿಸಿಕೊಳ್ಳಿ. ಎದುರಿಗೆ ಸಾಲುಸಾಲು ಬಿಳಿ ಕಾರುಗಳು. ಎಲ್ಲಕ್ಕೂ ಹಳದಿ ಫಲಕ. ಅವುಗಳಲ್ಲಿ ನನ್ನದು ಯಾವುದು? ನನ್ನ ಬಳಿ ಇರುವುದು ಬೀಗದ ಕೈ ಮಾತ್ರ, ಬೀಗ ಎಲ್ಲಿದೆಯೋ ಗೊತ್ತಿಲ್ಲ. ಒಬ್ಬೊಬ್ಬ ಚಾಲಕನ ಹತ್ತಿರ ಹೋಗಿ "2187 ನಿಮ್ಮದಾ?" ಅಂತ ಕೇಳುತ್ತಾ ಹೊರಟೆ. (ಇದನ್ನು ಕೇಳಿ ಮೊಮ್ಮಗಳು ಆಮೇಲೆ ನನಗೆ ಚೆನ್ನಾಗಿ ಬೈದಳು. ಓಟಿಪಿಯನ್ನು ಹೀಗೆ ಬೀದಿಯಲ್ಲಿ ಕೂಗಬಾರದಂತೆ. ಕಾರಿನ ನಂಬರು, ಚಾಲಕನ ಮುಖ ಎರಡೂ ಸರಿಹೊಂದಿದ ಮೇಲೆ, ಒಳಗೆ ಕೂತು ಹೇಳಬೇಕಂತೆ.) ಆ ಚಾಲಕ ನನಗೆ ಎಷ್ಟು ಸಲ ಫೋನು ಮಾಡಿದನೋ. ಸ್ವಿಚ್ ಆಫ್. ಅವನು ಕಾಯುವಷ್ಟು ಕಾದು ಹೊರಟುಹೋದ ಅಂತ ಆಮೇಲೆ ತಿಳಿಯಿತು. ಅವನ ತಪ್ಪೇನಿಲ್ಲ.

ಮತ್ತೊಬ್ಬ ಚಾಲಕ, ತನ್ನ ಪ್ರಯಾಣಿಕರಿಗಾಗಿ ಕಾಯುತ್ತಿದ್ದವನು, ನನ್ನ ಓಡಾಟ ನೋಡಿ "ಯಾಕಮ್ಮಾ, ಏನಾಯ್ತು?" ಅಂದ. ಹೇಳಿದೆ. "ಮಗನ ನಂಬರು ಹೇಳಿ, ನನ್ನ ಫೋನಿಂದ ಮಾಡ್ತೀನಿ" ಅಂದ. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. 1985ರಲ್ಲಿ ನಮ್ಮ ಮನೆಗೆ ಬಂದ ಮೊದಲ ಫೋನಿನ ನಂಬರು ಈಗಲೂ ಬಾಯಿಪಾಠ. ಎದುರು ಮನೆಯವರದ್ದೂ ಗೊತ್ತು, ಹಾಲಿನ ಬೂತಿನದ್ದೂ ಗೊತ್ತು. ಹೊಟ್ಟೆಯಲ್ಲಿ ಹುಟ್ಟಿದ ಮಗನ ಹತ್ತು ಅಂಕಿ ಗೊತ್ತಿಲ್ಲ. ಫೋನಿಗೆ ಗೊತ್ತಲ್ಲ, ನನಗೇಕೆ ಅಂದುಕೊಂಡಿದ್ದೆ. ಕಾಲು ನಡುಗಿದ್ದು ಆಗ. ದಾರಿ ತಪ್ಪಿಸಿಕೊಂಡ ಮಗುವಿಗೆ ಜಾತ್ರೆಯಲ್ಲಿ ಹೇಗಾಗುತ್ತದೋ ಹಾಗೆ.

ಆ ಪುಣ್ಯಾತ್ಮ ತನ್ನ ಕಾರಿನ ಚಾರ್ಜರಿಗೆ ನನ್ನ ಫೋನು ಸಿಕ್ಕಿಸಿದ. ಅದರ ಪಿನ್ನು ಬೇರೆ, ನನ್ನ ಹಳೆಯ ಫೋನಿನ ತೂತು ಬೇರೆ. ಅಷ್ಟರಲ್ಲಿ ಅವನ ಪ್ರಯಾಣಿಕರು ಬಂದರು. ಹೋಗುವ ಮುಂಚೆ ಕೈ ತೋರಿಸಿ ಒಂದು ಮಾತು ಹೇಳಿದ: "ಅಮ್ಮಾ, ಅಲ್ಲಿ ಬಸ್ಸು ನಿಲ್ಲತ್ತೆ. ಬಸ್ಸಿಗೆ ಫೋನೂ ಬೇಡ, ಓಟಿಪಿನೂ ಬೇಡ."

ಹಾಗೆ ನಾನು ಬಿಎಂಟಿಸಿಯ ವಾಯುವಜ್ರ ಹತ್ತಿದೆ. ಕಂಡಕ್ಟರ್ ದುಡ್ಡು ತಗೊಂಡು ಚೀಟಿ ಕೊಟ್ಟ. ಮೇಖ್ರಿ ಸರ್ಕಲ್ಲಿನಲ್ಲಿ ಇಳಿಸಿ, ತಾನೇ ಒಂದು ಆಟೊ ಕೂಗಿದ. ಮನೆ ಬಾಗಿಲಿಗೆ ಹೋದಾಗ ಹನ್ನೆರಡು ಹೊಡೆಯುವುದರಲ್ಲಿತ್ತು. ಸೊಸೆ ಗೇಟಿನಲ್ಲೇ ನಿಂತಿದ್ದಳು. ಪೊಲೀಸರಿಗೆ ಫೋನು ಮಾಡುವ ಹಂತಕ್ಕೆ ಬಂದಿದ್ದರಂತೆ. ನನ್ನನ್ನು ಕಂಡವಳೇ ಅತ್ತಳು, ಆಮೇಲೆ ರೇಗಿದಳು.

ಮರುದಿನ ಜ್ವರ ಬಿಟ್ಟ ಮೊಮ್ಮಗಳು ಪುಟ್ಟಿ (ಆರನೇ ಕ್ಲಾಸು) ಹಾಸಿಗೆಯಲ್ಲಿ ಕೂತೇ ಕೇಳಿದಳು: "ಅಜ್ಜಿ, ಮೊದಲೆಲ್ಲ ಆ್ಯಪ್ ಇಲ್ಲದೆ ಏರ್‌ಪೋರ್ಟಿಂದ ಹೇಗೆ ಬರ್ತಿದ್ರಿ?" ಆ ಪ್ರಶ್ನೆಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ವಿಮಾನ ನಿಲ್ದಾಣ ಇದ್ದದ್ದು ಊರೊಳಗೇ, ಎಚ್‌ಎಎಲ್‌ನಲ್ಲಿ. ಅಲ್ಲಿಗೆ ಹೋಗುವ ರಸ್ತೆಯನ್ನು ಇವತ್ತಿಗೂ ಓಲ್ಡ್ ಏರ್‌ಪೋರ್ಟ್ ರೋಡ್ ಅನ್ನುತ್ತೇವೆ. ವಿಮಾನದಲ್ಲಿ ಬರುವವರು ಒಬ್ಬರಾದರೆ ಕರೆತರಲು ಹೋಗುವವರು ಏಳು ಜನ. ನನ್ನ ಭಾವ ಡೆಲ್ಲಿಯಿಂದ ಬಂದಾಗ ನಾವು ಮಕ್ಕಳುಮರಿ ಕಟ್ಟಿಕೊಂಡು, ಪುಳಿಯೋಗರೆ ಡಬ್ಬಿ ಹಿಡಿದು, ಬೇಲಿಯಾಚೆ ನಿಂತು ವಿಮಾನ ಇಳಿಯುವುದನ್ನು ನೋಡುತ್ತಿದ್ದೆವು. ಪರದೇಶಕ್ಕೆ ಹೋಗುವವರಿದ್ದರಂತೂ ಹಾರ, ಕುಂಕುಮ, ಕಣ್ಣೀರು ಎಲ್ಲ. ಹೊರಗೆ ಆಟೊದವರು ಮುತ್ತಿಕೊಳ್ಳುತ್ತಿದ್ದರು. ಮೀಟರಿನ ಮೇಲೆ ಇಪ್ಪತ್ತು ಕೊಡಿ, ಮೂವತ್ತು ಕೊಡಿ ಅಂತ ಜಗಳ. ಭಾಷೆ ಬಾರದವರು, ಹೊಸಬರು ಅಂತ ಗೊತ್ತಾದರೆ ಬೆಲೆ ಎರಡರಷ್ಟು. ಪ್ರೀಪೇಯ್ಡ್ ಟ್ಯಾಕ್ಸಿಯ ಕಿಟಕಿಯಲ್ಲಿ ಮೊದಲೇ ದುಡ್ಡು ಕಟ್ಟಿದರೆ ಒಂದು ಚೀಟಿ ಸಿಗುತ್ತಿತ್ತು. ಮನೆ ತಲುಪಿದ ಮೇಲೆ ಚಾಲಕನಿಗೆ ಅದನ್ನು ಕೊಡಬೇಕು. ಮೊದಲೇ ಕೊಟ್ಟುಬಿಟ್ಟರೆ ಎಲ್ಲಾದರೂ ದಾರಿಯಲ್ಲೇ ಇಳಿಸಿಬಿಟ್ಟಾನು ಅಂತ ನಮ್ಮ ಯಜಮಾನರು ಆ ಚೀಟಿಯನ್ನು ಬನಿಯನ್ನಿನ ಜೇಬಲ್ಲಿ ಇಟ್ಟುಕೊಳ್ಳುತ್ತಿದ್ದರು. ಯೋಚಿಸಿ ನೋಡಿದರೆ ಆ ಚೀಟಿಯೇ ಅಂದಿನ ಓಟಿಪಿ.

2008ರ ಮೇ 24ರಂದು ಎಲ್ಲ ಬದಲಾಯಿತು. ಪ್ರಯಾಣಿಕರ ವಿಮಾನಗಳು ಎಚ್‌ಎಎಲ್ ಬಿಟ್ಟು ದೇವನಹಳ್ಳಿಯ ಹತ್ತಿರದ ಹೊಸ ನಿಲ್ದಾಣಕ್ಕೆ ಹೋದವು. ದೇವನಹಳ್ಳಿ ಅಂದರೆ ನಮಗೆ ಅಲ್ಲಿಯವರೆಗೆ ಟಿಪ್ಪು ಹುಟ್ಟಿದ ಊರು, ಚಕ್ಕೋತದ ಊರು. ಮೆಜೆಸ್ಟಿಕ್‌ನಿಂದ ಸುಮಾರು 35 ಕಿಲೋಮೀಟರು. "ವಿಮಾನದಲ್ಲಿ ಒಂದು ಗಂಟೆ, ವಿಮಾನಕ್ಕೆ ಹೋಗೋಕೆ ಎರಡು ಗಂಟೆ" ಅನ್ನುವುದು ಊರ ಮಾತಾಯಿತು. ಆಟೊಗಳು ಟರ್ಮಿನಲ್ ಬಾಗಿಲಿಗೆ ಬರುವಂತಿಲ್ಲ. ಕಾರಿದ್ದವರು ಕಾರು ತಂದರು. ಉಳಿದವರಿಗೆ ವಾಯುವಜ್ರ ಬಸ್ಸು, ಇಲ್ಲವೇ ಮೇರು, ಈಝಿಕ್ಯಾಬ್‌ನಂಥ ರೇಡಿಯೊ ಟ್ಯಾಕ್ಸಿ, ಇಲ್ಲವೇ ಕರ್ನಾಟಕ ಪ್ರವಾಸೋದ್ಯಮ ನಿಗಮದ ಟ್ಯಾಕ್ಸಿ. ಆ ಹಸಿರು ಮೇರು ಕಾರಿನಲ್ಲಿ ಮೊದಲ ಸಲ ಕೂತಾಗ ಮೀಟರಿನಿಂದ ಅಚ್ಚಾದ ರಸೀದಿ ಹೊರಬಂದದ್ದನ್ನು ನಾನು ಬಹಳ ದಿನ ಪರ್ಸಿನಲ್ಲಿಟ್ಟುಕೊಂಡಿದ್ದೆ.

ದೂರ ಹೆಚ್ಚಿದಷ್ಟೂ ಟ್ಯಾಕ್ಸಿಯ ಅಗತ್ಯ ಹೆಚ್ಚಿತು. ಆ ಹೊತ್ತಿಗೆ ಸರಿಯಾಗಿ ಕೈಗೆ ಸ್ಮಾರ್ಟ್‌ಫೋನು ಬಂತು. ಓಲಾ 2010ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಆಮೇಲೆ ಬೆಂಗಳೂರಿಗೆ ಬಂದು ನೆಲೆಸಿತು. ನಮ್ಮ ಬೆಂಗಳೂರಿನಲ್ಲೇ 2011ರಲ್ಲಿ ರಘುನಂದನ್ ಮತ್ತು ಅಪ್ರಮೇಯ ರಾಧಾಕೃಷ್ಣ ಅನ್ನುವ ಇಬ್ಬರು ಗೆಳೆಯರು ಟ್ಯಾಕ್ಸಿ ಫಾರ್ ಶ್ಯೂರ್ ಶುರುಮಾಡಿದರು. 2015ರಲ್ಲಿ ಅದನ್ನು ಓಲಾ ಕೊಂಡುಕೊಂಡಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಉಬರ್ 2013ರಲ್ಲಿ ಭಾರತಕ್ಕೆ ಕಾಲಿಟ್ಟಾಗ ಮೊದಲು ಆರಿಸಿಕೊಂಡದ್ದೂ ಬೆಂಗಳೂರನ್ನೇ. ಈ ಕಂಪನಿಗಳು ಬಂದ ಕೆಲವೇ ವರ್ಷಗಳಲ್ಲಿ ಕರೆತರಲು ಹೋಗುವ ಏಳು ಜನ ಮಾಯವಾದರು. ಈಗ ಅಮೆರಿಕದಿಂದ ಮಗಳು ಬಂದರೂ "ಕ್ಯಾಬ್ ಮಾಡ್ಕೊಂಡು ಬಾ" ಅನ್ನುತ್ತೇವೆ. ಅನುಕೂಲವೇ ಸರಿ. ಆದರೂ ಆ ಪುಳಿಯೋಗರೆ ಡಬ್ಬಿ ನೆನಪಾಗುತ್ತದೆ.

"ಆದ್ರೆ ಅಜ್ಜಿ, ಕಾರಿಗೆ ನಾವೆಲ್ಲಿದ್ದೀವಿ ಅಂತ ಹೇಗೆ ಗೊತ್ತಾಗತ್ತೆ?" ಅಂದಳು ಪುಟ್ಟಿ. ಗಣಿತದ ಟೀಚರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ?

ಭೂಮಿಯಿಂದ ಸುಮಾರು 20,000 ಕಿಲೋಮೀಟರು ಎತ್ತರದಲ್ಲಿ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಪ್ರತಿಯೊಂದೂ "ಈಗ ಗಂಟೆ ಎಷ್ಟು, ನಾನು ಎಲ್ಲಿದ್ದೇನೆ" ಅಂತ ಸಾರುತ್ತಲೇ ಇರುತ್ತದೆ. ಆ ಸಂಕೇತ ಬೆಳಕಿನ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ ಬಂದರೂ ನಮ್ಮ ಫೋನು ಮುಟ್ಟಲು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಎಷ್ಟು ತಡವಾಗಿ ಬಂತು ಅನ್ನುವುದರಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಅಂತ ಫೋನು ಲೆಕ್ಕ ಹಾಕುತ್ತದೆ. ಮಿಂಚು ಕಂಡು ಎಷ್ಟು ಹೊತ್ತಿಗೆ ಗುಡುಗು ಕೇಳಿತು ಅಂತ ಎಣಿಸಿ ಸಿಡಿಲು ಎಷ್ಟು ದೂರ ಅಂತ ಹೇಳುವುದಿಲ್ಲವೆ, ಹಾಗೆ. ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ಸಿಕ್ಕಿದರೆ ನಾವು ನಿಂತಿರುವ ಜಾಗ ತಿಳಿಯುತ್ತದೆ. ಮೂರು ಸಾಲದೇ ಅಂತ ಪುಟ್ಟಿ ಕೇಳಿದಳು. ನಾಲ್ಕನೆಯದು ನಮ್ಮ ಫೋನಿನ ಗಡಿಯಾರದ ತಪ್ಪನ್ನು ತಿದ್ದಲು ಬೇಕು. ನಮ್ಮ ಇಸ್ರೊ ಕೂಡ ನಾವಿಕ್ ಅನ್ನುವ ಹೆಸರಿನಲ್ಲಿ ಭಾರತಕ್ಕೆ ಇಂಥದೇ ಒಂದು ವ್ಯವಸ್ಥೆ ಕಟ್ಟಿದೆ.

ಆದರೆ ಈ ಲೆಕ್ಕಕ್ಕೆ ಆಕಾಶ ಕಾಣಬೇಕು. ದೊಡ್ಡ ಕಾಂಕ್ರೀಟು ಚಾವಣಿ, ಒಂದರ ಮೇಲೊಂದು ರಸ್ತೆ, ಮಹಡಿ ಮಹಡಿಯ ಪಾರ್ಕಿಂಗು ಇರುವ ಕಡೆ ಸಂಕೇತ ತಡವರಿಸುತ್ತದೆ. ವಿಮಾನ ನಿಲ್ದಾಣದಲ್ಲಿ ಇವೆಲ್ಲ ಇರುತ್ತವೆ. ಭೂಪಟದ ನೀಲಿ ಚುಕ್ಕಿ ನೀವು ಆಚೆ ರಸ್ತೆಯಲ್ಲಿದ್ದೀರಿ ಅಂತ ತೋರಿಸಬಹುದು, ನೀವು ಮೇಲೆ, ಕಾರು ಕೆಳಗೆ ಇರಬಹುದು. ಹಾಗಾಗಿ ನಿಲ್ದಾಣಗಳಲ್ಲಿ ಚುಕ್ಕಿಯನ್ನು ನಂಬದೆ ಕಂಬದ ನಂಬರು, ಪಾರ್ಕಿಂಗಿನ ಹೆಸರು ಹೇಳುವುದೇ ವಾಸಿ.

ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಲಾಸ್ ಏಂಜಲಿಸ್ ನಿಲ್ದಾಣದಲ್ಲಿ ಆ್ಯಪ್ ಕಾರುಗಳು ಬಾಗಿಲ ಮುಂದೆ ಎಷ್ಟು ಜಮಾಯಿಸಿದವೆಂದರೆ, 2019ರ ಅಕ್ಟೋಬರಿನಲ್ಲಿ ಅಲ್ಲಿಯವರು ಆ್ಯಪ್ ಕಾರುಗಳನ್ನೂ ಟ್ಯಾಕ್ಸಿಗಳನ್ನೂ ಬಾಗಿಲಿನಿಂದ ಎತ್ತಿ ಒಂದು ಬೇರೆ ಬಯಲಿಗೆ ಕಳಿಸಿದರು. ಇಳಿದವರು ಅಲ್ಲಿಗೆ ನಡೆದು ಹೋಗಬೇಕು, ಇಲ್ಲವೇ ನಿಲ್ದಾಣದ ಬಸ್ಸು ಹಿಡಿಯಬೇಕು. ಮೊದಲ ದಿನಗಳಲ್ಲಿ ಜನ ಗೊಣಗಿದ್ದೇ ಗೊಣಗಿದ್ದು. ಆದರೆ ನಿಲ್ದಾಣದವರ ಕಷ್ಟವೂ ಅರ್ಥವಾಗುವಂಥದೇ. ಬಾಗಿಲ ಮುಂದಿನ ರಸ್ತೆಯನ್ನು ಎಳೆದು ಉದ್ದ ಮಾಡಲು ಆಗುವುದಿಲ್ಲ. ಒಂದೊಂದು ಕಾರು ಐದೈದು ನಿಮಿಷ ನಿಂತರೆ ಹಿಂದಿನ ಸಾಲು ಹೆದ್ದಾರಿ ಮುಟ್ಟುತ್ತದೆ. ನಮ್ಮಲ್ಲೂ ಆ್ಯಪ್ ಕಾರು ಹತ್ತಲು ಬೇರೆಯೇ ಜಾಗ ಗೊತ್ತುಮಾಡಿರುವುದು ಇದಕ್ಕೇ. ವಯಸ್ಸಾದವರಿಗೆ ಆ ನಡಿಗೆ ಜಾಸ್ತಿ, ಅದೂ ನಿಜ. ಗಾಲಿಕುರ್ಚಿ ಬೇಕಾದವರು ಟಿಕೆಟ್ ಕೊಳ್ಳುವಾಗಲೇ ಹೇಳಿಬಿಟ್ಟರೆ, ಕರೆದೊಯ್ಯುವ ಸಹಾಯಕರು ಹೊರಗಿನವರೆಗೂ ಬರುತ್ತಾರೆ. ಸಂಕೋಚ ಬೇಡ.

ನಿಜವಾದ ವಿಷಯ ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ. ಈ ಸಲ ತಂಗಿ ಹೈದರಾಬಾದಿನಿಂದ ಬರುವವಳಿದ್ದಳು. ನನಗಿಂತ ನಾಲ್ಕು ವರ್ಷ ಚಿಕ್ಕವಳಾದರೂ ಮಂಡಿ ನೋವು ನನಗಿಂತ ಜಾಸ್ತಿ. "ನಾನೇ ಕರೆತರ್ತೀನಿ" ಅಂತ ಹಠ ಹಿಡಿದೆ. ಶನಿವಾರ, ಶಾಲೆಗೆ ರಜೆ. ಪುಟ್ಟಿಯೂ ಹೊರಟಳು. ಮಗ ಕ್ಯಾಬ್ ಬುಕ್ ಮಾಡಿಕೊಟ್ಟ. ಬಂದ ಚಾಲಕ ಕುಣಿಗಲ್ ಕಡೆಯವರು, ನಲವತ್ತರ ಆಸುಪಾಸು. ಪುಟ್ಟಿ ಓಟಿಪಿಯನ್ನು ಕಿವಿಮಾತಿನಂತೆ ಹೇಳಿದ್ದಕ್ಕೆ ನಕ್ಕು, "ಭೇಷ್ ಮಗಳೇ" ಅಂದರು. ಹೆಬ್ಬಾಳದ ಮೇಲುಸೇತುವೆಯಲ್ಲಿ ಕಾರು ನಿಂತಿತು. ಮಾತು ಶುರುವಾಯಿತು.

"ನಮ್ಮನ್ನ ಬಿಟ್ಟು ವಾಪಸ್ ಹೋಗ್ತೀರಾ ಅಂಕಲ್?" ಅಂದಳು ಪುಟ್ಟಿ.

"ಖಾಲಿ ಹೋದ್ರೆ ಕೈಸುಟ್ಟುಕೊಂಡ ಹಾಗೆ ಕಂದಾ. ಮೂವತ್ತೈದು ಕಿಲೋಮೀಟರ್ ಸಿಎನ್‌ಜಿ ನಮ್ಮದೇ. ಅಲ್ಲೇ ಸರದಿ ಹಚ್ತೀನಿ."

ಆ ಸರದಿಯನ್ನು ಅವರು ವಿವರಿಸಿದ ರೀತಿ ಕೇಳಿ ನನಗೆ ನಮ್ಮೂರಿನ ಹಿಟ್ಟಿನ ಗಿರಣಿ ನೆನಪಾಯಿತು. ಮಕ್ಕಳೇ, ನಿಮ್ಮಲ್ಲಿ ಗಿರಣಿಗೆ ಹೋದವರು ಎಷ್ಟು ಜನರೋ. ರಾಗಿ, ಗೋಧಿ ತುಂಬಿದ ಡಬ್ಬಗಳನ್ನು ಗಿರಣಿಯ ಮುಂದೆ ಸಾಲಾಗಿ ಇಡುತ್ತಿದ್ದೆವು. ನಾವು ನಿಲ್ಲಬೇಕಿಲ್ಲ, ನಮ್ಮ ಬದಲು ಡಬ್ಬ ನಿಲ್ಲುತ್ತದೆ. ಮುಂದಿನವರದು ಬೀಸಿದಂತೆಲ್ಲ ಹಿಂದಿನವರು ತಮ್ಮ ಡಬ್ಬ ಮುಂದಕ್ಕೆ ಸರಿಸುತ್ತಾರೆ. ವಿಮಾನ ನಿಲ್ದಾಣದ ಟ್ಯಾಕ್ಸಿ ಸರದಿಯೂ ಹೀಗೇ, ಡಬ್ಬ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಆ್ಯಪಿನೊಳಗೆ ನಿಲ್ದಾಣದ ಸುತ್ತ ಒಂದು ಗೆರೆ ಎಳೆದಿರುತ್ತಾರೆ. ಲಕ್ಷ್ಮಣರೇಖೆಯಂಥ, ನೆಲದ ಮೇಲೆ ಕಾಣದ ಗೆರೆ. ಆ ಗೆರೆಯೊಳಗೆ ಕಾರು ಬಂದ ಕೂಡಲೇ ಸರದಿಯಲ್ಲಿ ಚಾಲಕನ ಡಬ್ಬ ಇಟ್ಟಂತೆ. ಮೊದಲು ಬಂದವರಿಗೆ ಮೊದಲು ಬಾಡಿಗೆ. ಆ್ಯಪ್ ಇಲ್ಲದ ಕಾಲದಲ್ಲಿ ಗೇಟಿನ ಹತ್ತಿರ ಜೋರು ಬಾಯಿಯವನಿಗೆ ಮೊದಲು ಬಾಡಿಗೆ ಸಿಗುತ್ತಿತ್ತು. ಆ ಮಟ್ಟಿಗೆ ಇದು ನ್ಯಾಯವಾದದ್ದೇ.

"ಎಷ್ಟು ಹೊತ್ತು ಕಾಯ್ತೀರಪ್ಪಾ?" ಅಂದೆ.

"ಒಂದೊಂದು ದಿನ ಅರ್ಧ ಗಂಟೆ, ಒಂದೊಂದು ದಿನ ಮೂರು ನಾಲ್ಕು ಗಂಟೆ ಅಮ್ಮಾ. ಒಂದು ಸಲ ನನ್ನ ನಂಬರ್ ಏಳಕ್ಕೆ ಬಂದಿತ್ತು. ಇನ್ನೇನು ಆಗೋಯ್ತು ಅಂತ ಟೀ ಕುಡಿಯೋಕೆ ಗಾಡಿ ತಗೊಂಡು ರಸ್ತೆಗೆ ಬಂದೆ. ಗೆರೆ ದಾಟಿಬಿಟ್ಟೆ, ಗೊತ್ತೇ ಆಗಲಿಲ್ಲ. ವಾಪಸ್ ಬಂದು ನೋಡ್ತೀನಿ, ನೂರಾ ನಲವತ್ತು! ಹತ್ತು ರೂಪಾಯಿ ಟೀಗೆ ಮೂರು ಗಂಟೆ ಕೊಟ್ಟೆ."

ಪುಟ್ಟಿ ಬಾಯಿಮೇಲೆ ಕೈಯಿಟ್ಟಳು. ಗಿರಣಿಯಲ್ಲಾದರೆ "ಅಯ್ಯೋ, ಇವರ ಡಬ್ಬ ಇಲ್ಲೇ ಇತ್ತು, ಬಿಡಿ ಮುಂದೆ" ಅನ್ನುವ ಒಬ್ಬ ಅಜ್ಜಿ ಇರುತ್ತಿದ್ದಳು. ಕಾಣದ ಸಾಲಿನಲ್ಲಿ ಆ ಅಜ್ಜಿ ಇಲ್ಲ. ಯಾರಿಗೆ ಹೇಳಿಕೊಳ್ಳುವುದು? ಯಂತ್ರದ ಮುಂದೆ ಅತ್ತರೆ ಯಂತ್ರ ಕಣ್ಣೊರೆಸುವುದಿಲ್ಲ.

ಕಾಯುವ ಮೈದಾನದ ಬದುಕನ್ನು ಅವರು ನಗುತ್ತಲೇ ಹೇಳಿದರು. ಸೀಟು ಹಿಂದಕ್ಕೆ ಮಲಗಿಸಿ ನಿದ್ದೆ. ಬಾನೆಟ್ ಮೇಲೆ ಊಟದ ಡಬ್ಬಿ ಬಿಚ್ಚಿ ನಾಲ್ಕು ಜನ ಹಂಚಿಕೊಂಡು ಉಣ್ಣುವುದು. ಒಬ್ಬರ ಫೋನಿನಲ್ಲಿ ಕ್ರಿಕೆಟ್, ಸುತ್ತ ಹತ್ತು ತಲೆ. ಬೀದರಿನವರು, ಕೋಲಾರದವರು, ಆಂಧ್ರದವರು, ತಮಿಳರು, ಎಲ್ಲರದ್ದೂ ಸೇರಿ ಒಂದು ಭಾಷೆ. ಅವರ ಹೆಂಡತಿ ಮಕ್ಕಳು ಕುಣಿಗಲ್‌ನಲ್ಲಿ. ಮಗಳು ಪುಟ್ಟಿಗಿಂತ ಒಂದು ಕ್ಲಾಸು ಮುಂದೆ. ರಾತ್ರಿ ಒಂಬತ್ತಕ್ಕೆ ವಿಡಿಯೊ ಕರೆಯಲ್ಲಿ ಮಗ್ಗಿ ಒಪ್ಪಿಸುತ್ತಾಳಂತೆ. "ಹದಿನೇಳರ ಮಗ್ಗಿಯಲ್ಲಿ ಒಂದು ಸಲ ಬಾಡಿಗೆ ಬಂತು ಅಮ್ಮಾ. ಹದಿನೇಳ್ ಏಳ್ಲಿ ಅಂತ ಅವಳು ಹೇಳ್ತಿದ್ದ ಹಾಗೇ ಕಟ್ ಮಾಡಬೇಕಾಯ್ತು. ಬಾಡಿಗೆ ಒಪ್ಪಿಕೊಳ್ಳೋಕೆ ಸಿಗೋದು ಕೆಲವೇ ಸೆಕೆಂಡು ನೋಡಿ."

ಬಾಡಿಗೆಯ ಬಗ್ಗೆಯೂ ಕೇಳಿದೆ. ಮಳೆ ಬಂದಾಗ, ಒಟ್ಟಿಗೆ ಹತ್ತು ವಿಮಾನ ಇಳಿದಾಗ ದರ ಯಾಕೆ ಏರುತ್ತದೆ ಅನ್ನುವುದು ನಮ್ಮಂಥವರ ದೊಡ್ಡ ಸಿಟ್ಟು ತಾನೆ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರದ ಬೆಲೆ ಏನಾಗುತ್ತದೆ ನೆನಪಿಸಿಕೊಳ್ಳಿ. ಕೇಳುವವರು ಹೆಚ್ಚು, ಹೂವು ಕಡಿಮೆ. ಇಲ್ಲಿಯೂ ಅದೇ. ಬೆಲೆ ಏರಿದರೆ ಊರಲ್ಲಿರುವ ಚಾಲಕರು ಇತ್ತ ಬಂದಾರು ಅನ್ನುವುದು ಕಂಪನಿಗಳ ವಾದ. ಆದರೆ ಹೂವಾಡಗಿತ್ತಿಯ ಹತ್ತಿರ ಚೌಕಾಸಿ ಮಾಡಬಹುದು, "ಪೂಜೆಗೆ ಕಣಮ್ಮಾ" ಅಂದರೆ ಒಂದು ಗೇಣು ಹೆಚ್ಚೇ ಕೊಡುತ್ತಾಳೆ. ಫೋನಿನ ಹತ್ತಿರ ಅದು ನಡೆಯುವುದಿಲ್ಲ.

"ಏರಿದ ದುಡ್ಡು ಪೂರ್ತಿ ನಮಗೇ ಬರತ್ತೆ ಅಂದ್ಕೊಂಡಿದ್ದೀರಾ? ಕಂಪನಿ ಕಮಿಷನ್, ತೆರಿಗೆ, ಟೋಲು, ಗಾಡಿ ಸಾಲದ ಕಂತು ಎಲ್ಲ ಕಳೆದು ಮಿಕ್ಕಿದ್ದು ನಮ್ಮದು" ಅಂದರು ಅವರು. ಅವರ ಈ ಅಸಮಾಧಾನದಿಂದಲೇ ಬೇರೆ ಬಗೆಯ ಆ್ಯಪ್‌ಗಳೂ ಹುಟ್ಟಿಕೊಂಡಿವೆ. 2022ರಲ್ಲಿ ಬೆಂಗಳೂರಿನ ಆಟೊ ಚಾಲಕರ ಸಂಘದ ಜೊತೆಗೂಡಿ ಬಂದ ನಮ್ಮ ಯಾತ್ರಿ, ಬಾಡಿಗೆಯಲ್ಲಿ ಪಾಲು ಕೇಳುವ ಬದಲು ಚಾಲಕರಿಂದ ಸಣ್ಣ ಶುಲ್ಕ ತೆಗೆದುಕೊಳ್ಳುವ ದಾರಿ ಹಿಡಿಯಿತು. 2024ರಿಂದ ಅದರಲ್ಲಿ ಕಾರುಗಳೂ ಬಂದವು. ಈಗ ದೊಡ್ಡ ಕಂಪನಿಗಳೂ ಅದೇ ದಾರಿಯಲ್ಲಿ ಹೆಜ್ಜೆ ಇಡುತ್ತಿವೆ. ಚಾಲಕರಿಗೆ ಒಳ್ಳೆಯದೇ, ಬಾಡಿಗೆ ಬಾರದ ದಿನವೂ ಶುಲ್ಕ ಕಟ್ಟಬೇಕಾಗಿ ಬರದಿದ್ದರೆ.

ಈ ವ್ಯಾಪಾರ ಗಟ್ಟಿ ಅಂತಲೂ ಹೇಳುವಂತಿಲ್ಲ. ವಿಮಾನ ನಿಲ್ದಾಣದ ಓಡಾಟದಲ್ಲೇ ಹೆಸರು ಮಾಡಿದ್ದ ಬ್ಲೂಸ್ಮಾರ್ಟ್ ಅನ್ನುವ ವಿದ್ಯುತ್ ಕಾರುಗಳ ಕಂಪನಿ 2025ರ ಏಪ್ರಿಲಿನಲ್ಲಿ ಸೇವೆ ನಿಲ್ಲಿಸಿತು. ಅದರ ಕಾರುಗಳನ್ನು ನಂಬಿದ್ದ ಚಾಲಕರು ಬೇರೆ ಕೆಲಸ ಹುಡುಕಬೇಕಾಯಿತು. ಆ್ಯಪ್ ಮುಚ್ಚಲು ಬೆರಳ ತುದಿ ಸಾಕು, ಆದರೆ ಚಾಲಕನ ಮನೆಯ ಒಲೆ ದಿನವೂ ಉರಿಯಬೇಕಲ್ಲ.

ಹಾಗಂತ ಆ್ಯಪ್‌ಗಳಿಂದ ಆದ ಒಳಿತನ್ನು ಅಲ್ಲಗಳೆಯಲಾರೆ. ರಾತ್ರಿ ಎರಡು ಗಂಟೆಗೆ ಇಳಿದ ಹುಡುಗಿ ಎಲ್ಲಿ ಹೋಗುತ್ತಿದ್ದಾಳೆ ಅಂತ ಅವಳ ಅಮ್ಮ ಹಾಸಿಗೆಯಲ್ಲಿ ಕೂತು ನೋಡಬಹುದು. ಚಾಲಕನ ಹೆಸರು, ಚಿತ್ರ, ಗಾಡಿಯ ನಂಬರು ಇರುತ್ತದೆ. ಬೆಲೆ ಮೊದಲೇ ಗೊತ್ತಿರುತ್ತದೆ. ಆಪತ್ತಿಗೆ ಒತ್ತುವ ಗುಂಡಿ ಇರುತ್ತದೆ. ಇಂಥ ಕಂಪನಿಗಳಿಗೆಂದೇ ನಮ್ಮ ರಾಜ್ಯ ಸರ್ಕಾರ 2016ರಲ್ಲಿ ನಿಯಮಗಳನ್ನು ಮಾಡಿ, ಪರವಾನಗಿ ಬೇಕೆಂದು ಹೇಳಿತು. ಹಳೇ ಕಾಲದಲ್ಲಿ ನಾವು ಯಾವುದೋ ಕಾರು ಹತ್ತಿ, ದೇವರ ಮೇಲೆ ಭಾರ ಹಾಕಿ ಹೋಗುತ್ತಿದ್ದೆವು. ಅದನ್ನು ಒಳ್ಳೆಯ ಕಾಲ ಅಂತ ಹೇಳುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ನನ್ನ ಕೊರಗು ಬೇರೆ. ಈ ಅನುಕೂಲವೆಲ್ಲ ಫೋನಿನ ಬಾಗಿಲಿನಿಂದಲೇ ಒಳಗೆ ಬರಬೇಕು. ಫೋನು ಸತ್ತರೆ, ಕಳೆದರೆ, ಕಣ್ಣು ಮಂಜಾಗಿ ಅಕ್ಷರ ಕಾಣದಿದ್ದರೆ? ಅಂಥವರಿಗಾಗಿ ದುಡ್ಡು ಕೊಟ್ಟು ಹತ್ತುವ ಟ್ಯಾಕ್ಸಿ ಕೌಂಟರು, ಚೀಟಿ ಹರಿದು ಕೊಡುವ ಬಸ್ಸು ನಿಲ್ದಾಣದಲ್ಲಿ ಇರಲೇಬೇಕು. ಇದೆ ಕೂಡ. ವಾಯುವಜ್ರ ಮೆಜೆಸ್ಟಿಕ್‌ಗೆ ಹೋಗುತ್ತದೆ, ಬನಶಂಕರಿಗೆ ಹೋಗುತ್ತದೆ, ಎಲೆಕ್ಟ್ರಾನಿಕ್ ಸಿಟಿಗೂ ಹೋಗುತ್ತದೆ. 2021ರ ಜನವರಿಯಿಂದ ಅಲ್ಲೇ ಹತ್ತಿರ ಒಂದು ಪುಟ್ಟ ರೈಲು ನಿಲ್ದಾಣವೂ ಆಗಿದೆ. ಮೆಟ್ರೊ ಹಳಿಯ ಕಂಬಗಳಂತೂ ಆ ದಾರಿಯುದ್ದಕ್ಕೂ ಎದ್ದು ನಿಂತಿವೆ. ಮೆಟ್ರೊ ಬಂದರೆ ನಮ್ಮ ಬಾಡಿಗೆ ಕಡಿಮೆ ಆಗತ್ತಾ ಅಂತ ಚಾಲಕರೇ ನನ್ನನ್ನು ಕೇಳಿದರು. ದೊಡ್ಡ ಪೆಟ್ಟಿಗೆ ಇರುವವರು, ಮಂಡಿ ನೋವಿನವರು ಕಾರನ್ನೇ ಹತ್ತುತ್ತಾರೆ ಅಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಈಗ ನನ್ನ ಪರ್ಸಿನಲ್ಲಿ ಪುಟ್ಟಿ ಮಾಡಿಕೊಟ್ಟ ಒಂದು ರಟ್ಟಿನ ಚೀಟಿ ಇದೆ. ದಪ್ಪ ಅಕ್ಷರದಲ್ಲಿ ಅಪ್ಪನ ನಂಬರು, ಅಮ್ಮನ ನಂಬರು, ಮನೆ ವಿಳಾಸ, ಬಸ್ಸಿನ ನಂಬರು. ಕೆಳಗೆ "ವಿಮಾನ ಹತ್ತುವ ಮುಂಚೆ ಚಾರ್ಜ್ ಮಾಡು" ಅಂತ ಕೆಂಪು ಶಾಯಿಯಲ್ಲಿ. ಮಗನ ಹತ್ತು ಅಂಕಿಯನ್ನು ನಾನೂ ಬಾಯಿಪಾಠ ಮಾಡಿದ್ದೇನೆ. ಅದರ ಅಂಕಿಗಳ ಮೊತ್ತ 9ರಿಂದ ಭಾಗವಾಗುತ್ತದೆ, ಆದ್ದರಿಂದ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಇನ್ನು ಮರೆಯುವುದಿಲ್ಲ. ಅಜ್ಜ ಅಜ್ಜಿ ಇರುವ ಮನೆಯ ಮಕ್ಕಳು ಇಂಥದ್ದೊಂದು ಚೀಟಿ ಮಾಡಿಕೊಡಬಹುದು. ಅಕ್ಷರ ಮಾತ್ರ ದಪ್ಪವಾಗಿರಲಿ.

ಸಾದಹಳ್ಳಿ ಟೋಲು ದಾಟಿ ನಾವು ನಿಲ್ದಾಣ ಮುಟ್ಟಿದೆವು. ಇಳಿಯುವ ಮೊದಲು ಪುಟ್ಟಿ ಮುಂದಕ್ಕೆ ಬಾಗಿ ಚಾಲಕರ ಫೋನು ನೋಡಿದಳು. ನಮ್ಮ ಬಾಡಿಗೆ ಮುಗಿಸಿ ಅವರು ಸರದಿಗೆ ಸೇರಿದಾಗ ತೆರೆಯ ಮೇಲೆ 118 ಅಂತ ಬಂತು.

"ಪರವಾಗಿಲ್ಲ, ಇವತ್ತು ಬೇಗ" ಅಂದರು. "ನಿಮ್ಮ ಚಿಕ್ಕಜ್ಜಿ ವಿಮಾನ ತಡ ಆದ್ರೆ ನಾನೇ ಬಂದರೂ ಬರಬಹುದು."

ವಿಮಾನ ತಡವಾಗಲಿಲ್ಲ. ಮುಕ್ಕಾಲು ಗಂಟೆಯಲ್ಲಿ ತಂಗಿ ಗಾಲಿಕುರ್ಚಿಯಲ್ಲಿ ರಾಣಿಯ ಹಾಗೆ ಬಂದಳು. ನನ್ನ ಕೈಚೀಲದಲ್ಲಿ ಪುಳಿಯೋಗರೆ ಡಬ್ಬಿ ಇತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಮೂವರೂ ತಿಂದೆವು. ಆಮೇಲೆ ನಾನೇ, ಕನ್ನಡಕ ಹಾಕಿಕೊಂಡು, ಪುಟ್ಟಿ ಹೇಳಿಕೊಟ್ಟಂತೆ ಕ್ಯಾಬ್ ಬುಕ್ ಮಾಡಿದೆ. ಬಂದವರು ಬೇರೆ ಚಾಲಕರು. ನಂಬರು ನೋಡಿ, ಮುಖ ನೋಡಿ, ಒಳಗೆ ಕೂತು ಓಟಿಪಿ ಹೇಳಿದೆ.

ಕಾರು ಹೊರಟಿತು. ತಂಗಿ ಹೈದರಾಬಾದಿನ ಸುದ್ದಿ ಶುರುಮಾಡಿದಳು. ಪುಟ್ಟಿ ಮಾತ್ರ ಕಿಟಕಿಯ ಗಾಜಿಗೆ ಮೂಗು ಒತ್ತಿ, ದೂರದಲ್ಲಿ ಬಿಸಿಲಿಗೆ ಮಿನುಗುತ್ತಿದ್ದ ಬಿಳಿ ಕಾರುಗಳ ಸಾಲನ್ನೇ ನೋಡುತ್ತಿದ್ದಳು.

"ಅಜ್ಜಿ, ಕುಣಿಗಲ್ ಅಂಕಲ್‌ದು ಈಗ ಎಷ್ಟನೇ ಡಬ್ಬ?"